ಸಿಡಿಲಿಗೆ ಹೋದ ಇಂಟರ್ನೆಟ್: ಹೊಸ ಕಾರ್ಡು ನೀವೇ ಹಾಕಿ

ಮಾರ್ಚ್ ಕಳೆದು ಗುಡುಗು ಮಳೆ ಸುರುವಾಯಿತೆಂದರೆ ನಮ್ಮ ಕರಾವಳಿ, ಮಲೆನಾಡಿನ ಪೇಟೆಗಳಲ್ಲಿ ಕಂಪ್ಯೂಟರ್ ರಿಪೇರಿಯವರಿಗೆ ಸುಗ್ಗಿ. ಅಕ್ಟೋಬರ್, ನವೆಂಬರಿನ ಸಂಜೆ ಮಳೆಗೆ ಅವರದ್ದು ಎರಡನೇ ಬೆಳೆ. ತೋಟದ ಒಂದು ತೆಂಗಿಗೆ ಸಿಡಿಲು ಬಡಿದರೂ ಸಾಕು, ಮನೆಯೊಳಗೆ ಟಿವಿ, ಪಂಪಿನ ಸ್ಟಾರ್ಟರ್, ಮೋಡೆಮ್ ಸಾಲಾಗಿ ಮಲಗುತ್ತವೆ.

ಕಂಪ್ಯೂಟರಿನದ್ದು ಸ್ವಲ್ಪ ವಿಚಿತ್ರ ಕಾಯಿಲೆ. ಆನ್ ಆಗುತ್ತದೆ. ತೋಟದ ಲೆಕ್ಕ ತೆರೆಯುತ್ತದೆ. ಪ್ರಿಂಟರ್ ಕೆಲಸ ಮಾಡುತ್ತದೆ. ಇಂಟರ್ನೆಟ್ ಮಾತ್ರ ಇಲ್ಲ. ಪಹಣಿ ತೆಗೆಯುವ ಹಾಗಿಲ್ಲ, ಅರ್ಜಿ ತುಂಬಿಸುವ ಹಾಗಿಲ್ಲ. ಪೇಟೆಗೆ ಹೊತ್ತುಕೊಂಡು ಹೋದರೆ ಹಲವು ಕಡೆ ಸಿಗುವ ಉತ್ತರ ಒಂದೇ: "ಮದರ್‌ಬೋರ್ಡ್ ಹೋಗಿದೆ, ಬದಲಿಸಬೇಕು." ಖರ್ಚು ಹಲವು ಸಾವಿರ. ಹಳೆಯ ಬೋರ್ಡಿಗೆ ಸರಿಹೊಂದುವ ಹೊಸತು ಸಿಗದೆ ಇಡೀ ಕಂಪ್ಯೂಟರನ್ನೇ ಬದಲಿಸಿದವರೂ ಇದ್ದಾರೆ.

ಇಂಥ ಅನೇಕ ಸಂದರ್ಭಗಳಲ್ಲಿ ಬೋರ್ಡಿಗೆ ಏನೂ ಆಗಿರುವುದಿಲ್ಲ. ಬೋರ್ಡಿನ ಒಂದು ಮೂಲೆಯಲ್ಲಿರುವ, ಇಂಟರ್ನೆಟ್ ಕೇಬಲ್ ಚುಚ್ಚುವ ತೂತಿನ ಹಿಂದಿನ ಸಣ್ಣ ಚಿಪ್ ಮಾತ್ರ ಸತ್ತಿರುತ್ತದೆ. ಆ ಕೆಲಸವನ್ನು ಬೇರೆ ಕಾರ್ಡಿಗೆ ವಹಿಸಿದರೆ ಮುಗಿಯಿತು. ಸಾವಿರ ರೂಪಾಯಿಯೊಳಗೆ ಕಾರ್ಡು ಸಿಗುತ್ತದೆ. ಹಾಕಲು ಬೇಕಾದ್ದು ಒಂದು ಸ್ಟಾರ್ ಸ್ಕ್ರೂಡ್ರೈವರ್ ಮತ್ತು ಅರ್ಧ ಗಂಟೆ. ಪಂಪಿನ ವಾಶರ್ ಬದಲಿಸಲು ಬರುವ ಯಾವ ಕೃಷಿಕನಿಗೂ ಇದು ಕಷ್ಟವಲ್ಲ. ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಮನೆಗೂ ನೆರೆಕರೆಗೂ ಸೇರಿ ಹಲವು ಕಾರ್ಡು ಹಾಕಿದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಒಳಗಿನ ಮೋಡೆಮ್ ಕಲಿಸಿದ ಪಾಠ

ಹಿಂದಿನದ್ದು ಸ್ವಲ್ಪ ತಿಳಿದರೆ ಇಂದಿನದ್ದು ಸುಲಭ. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದಿಂದ. ಆಗ ಟೆಲಿಫೋನ್ ಲೈನಿಗೆ ಡಯಲ್ ಮಾಡಿ ಸಂಪರ್ಕ ಪಡೆಯಬೇಕಿತ್ತು. ಆ ಕಾಲದ ಮೋಡೆಮಿನ ವೇಗ ಮುಂದೆ ಎಷ್ಟು ಹೆಚ್ಚಿದರೂ ಸೆಕೆಂಡಿಗೆ 56 ಕಿಲೋಬಿಟ್ ದಾಟಲಿಲ್ಲ. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಸುರುಮಾಡಿತು. ಅದೇ ತಾಮ್ರದ ತಂತಿ, ಆದರೆ ಮಾತು ಮತ್ತು ಇಂಟರ್ನೆಟ್ ಬೇರೆ ಬೇರೆ ಕಂಪನಾಂಕದಲ್ಲಿ. ಮಾತಿಗೆ 4 ಕಿಲೋಹರ್ಟ್ಸ್ ತನಕ ಸಾಕು. ಅದರ ಮೇಲಿನ ಖಾಲಿ ಜಾಗವನ್ನು ಇಂಟರ್ನೆಟ್ ಬಳಸಿಕೊಂಡಿತು. ಹಾಗಾಗಿ ಫೋನಿನಲ್ಲಿ ಮಾತಾಡುತ್ತಲೇ ಇಂಟರ್ನೆಟ್ ನೋಡಲು ಸಾಧ್ಯವಾಯಿತು.

ಈ ಎರಡೂ ಕಾಲದಲ್ಲಿ ಕಂಪ್ಯೂಟರಿನ ಒಳಗೇ ಕೂರುವ ಮೋಡೆಮ್ ಕಾರ್ಡುಗಳಿದ್ದವು. ಟೆಲಿಫೋನ್ ತಂತಿ ನೇರ ಕಾರ್ಡಿಗೆ, ಕಾರ್ಡು ನೇರ ಮದರ್‌ಬೋರ್ಡಿಗೆ. ಮೇಜಿನ ಮೇಲೆ ಇನ್ನೊಂದು ಡಬ್ಬಿ ಬೇಡ, ಇನ್ನೊಂದು ಪ್ಲಗ್ ಬೇಡ. ಕೇಳಲು ಚೆಂದ. ಆದರೆ ಕಂಬದಿಂದ ಕಂಬಕ್ಕೆ ಮೈಲುಗಟ್ಟಲೆ ಬಂದ ತಂತಿ ಸಿಡಿಲನ್ನೂ ನೇರ ಕಂಪ್ಯೂಟರಿನ ಹೊಟ್ಟೆಗೆ ತರುತ್ತಿತ್ತು. ಹೊರಗಿನ ಮೋಡೆಮ್ ಆದರೆ ಹಲವು ಬಾರಿ ತಾನು ಸತ್ತು ಕಂಪ್ಯೂಟರನ್ನು ಉಳಿಸುತ್ತಿತ್ತು.

ಇಂದು ಹೆಚ್ಚಿನ ಹೊಸ ಸಂಪರ್ಕಗಳು ಫೈಬರಿನವು. ಮೋಡೆಮ್ ಹೊರಗೇ ಇರುತ್ತದೆ. ಕಂಪ್ಯೂಟರಿನ ಒಳಗೆ ಬೇಕಾದ್ದು ಅದರೊಂದಿಗೆ ಮಾತಾಡುವ ನೆಟ್‌ವರ್ಕ್ ಕಾರ್ಡು, ಅಂದರೆ ಲ್ಯಾನ್ ಕಾರ್ಡು, ಮಾತ್ರ. ಹಳೆಯ ಪಾಠ ಈಗಲೂ ಅನ್ವಯ: ಹೊರಗಿನಿಂದ ತಂತಿ ಎಲ್ಲಿ ಒಳಗೆ ಬರುತ್ತದೋ ಅಲ್ಲಿ ಸುಲಭದಲ್ಲಿ ಬದಲಿಸಲು ಬರುವ, ಅಗ್ಗದ ಭಾಗ ಇರಲಿ. ಹೋದರೆ ಅದು ಹೋಗಲಿ.

ಬಿಚ್ಚುವ ಮೊದಲು ಪರೀಕ್ಷೆ

ಇಂಟರ್ನೆಟ್ ಇಲ್ಲ ಎಂದ ಕೂಡಲೇ ಸ್ಕ್ರೂ ಬಿಚ್ಚಬೇಡಿ. ಪಂಪಿನಲ್ಲಿ ನೀರು ಬಾರದಿದ್ದರೆ ಮೊದಲು ಕರೆಂಟು, ಆಮೇಲೆ ಫೂಟ್‌ವಾಲ್ವ್, ಕೊನೆಗೆ ಮೋಟಾರ್ ನೋಡುವುದಿಲ್ಲವೇ? ಇಲ್ಲಿಯೂ ಹಾಗೆಯೇ ಹೊರಗಿನಿಂದ ಒಳಕ್ಕೆ ಬನ್ನಿ.

1. ಮೋಡೆಮಿನ ದೀಪಗಳನ್ನು ನೋಡಿ. ಫೈಬರ್ ಮೋಡೆಮಿನಲ್ಲಿ 'ಲಾಸ್' ಎಂಬ ದೀಪ ಕೆಂಪಾಗಿದ್ದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲ ಎಂದರ್ಥ. ಫೈಬರ್ ಎಲ್ಲೋ ತುಂಡಾಗಿರಬಹುದು, ಮಡಿಚಿರಬಹುದು. ಕಂಪ್ಯೂಟರ್ ಬಿಚ್ಚಿ ಪ್ರಯೋಜನವಿಲ್ಲ, ಲೈನಿನವರನ್ನು ಕರೆಯಿರಿ. ಫೈಬರಿನ ತುದಿ ಕಳಚಿ ಕಣ್ಣಿಟ್ಟು ನೋಡುವ ಕೆಲಸ ಮಾತ್ರ ಬೇಡ. ಅದರಲ್ಲಿ ಬರುವ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಅಪಾಯ.

2. ಅದೇ ಮೋಡೆಮಿನ ವೈಫೈಯಲ್ಲಿ ಮೊಬೈಲು ಓಡುತ್ತದೋ ನೋಡಿ. ಮೊಬೈಲಿನ ಸ್ವಂತ ಡಾಟಾ ಬಂದ್ ಮಾಡಿಯೇ ನೋಡಬೇಕು. ಓಡಿದರೆ ಲೈನು ಸರಿ, ಮೋಡೆಮಿನ ಹೆಚ್ಚಿನ ಭಾಗವೂ ಸರಿ.

3. ಕೇಬಲ್ ಬದಲಿಸಿ. ಮೋಡೆಮಿನಲ್ಲಿ ಒಂದಕ್ಕಿಂತ ಹೆಚ್ಚು ಲ್ಯಾನ್ ತೂತು ಇದ್ದರೆ ಇನ್ನೊಂದಕ್ಕೆ ಚುಚ್ಚಿ. ಸಿಡಿಲಿಗೆ ಒಂದೇ ತೂತು ಸತ್ತು ಉಳಿದವು ಬದುಕಿರುವುದುಂಟು.

4. ಸಾಧ್ಯವಾದರೆ ಅದೇ ಕೇಬಲ್ಲನ್ನು ಬೇರೆ ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿ. ಅಲ್ಲಿ ಓಡಿ ನಿಮ್ಮ ಕಂಪ್ಯೂಟರಿನ ತೂತಿನ ಬಳಿ ಮಾತ್ರ ಸಣ್ಣ ದೀಪ ಉರಿಯದಿದ್ದರೆ ತೀರ್ಮಾನ ಖಚಿತ. ಕಾಯಿಲೆ ಕಂಪ್ಯೂಟರಿನ ಲ್ಯಾನ್ ಚಿಪ್ಪಿನಲ್ಲಿ.

ನಮ್ಮ ಕೆಳಗಿನ ಮನೆಯ ಮಾವನ ಕಂಪ್ಯೂಟರಿಗೂ ಹೀಗೇ ಆಗಿತ್ತು. ಪೇಟೆಯ ಒಂದು ಅಂಗಡಿಯಲ್ಲಿ ಬೋರ್ಡು ಬದಲಿಸಬೇಕೆಂದು ಹೇಳಿ ಕಳಿಸಿದ್ದರು. "ಆನ್ ಆಗ್ತದಾ ಮಾವ?" ಅಂತ ಕೇಳಿದೆ. "ಆನ್ ಆಗ್ತದೆ ಮಾರಾಯ, ಎಲ್ಲ ಆಗ್ತದೆ. ಇಂಟರ್ನೆಟ್ ಒಂದು ಇಲ್ಲ" ಅಂದರು. ಮೇಲಿನ ನಾಲ್ಕು ಪರೀಕ್ಷೆ ಮಾಡಿ ಕಾರ್ಡು ತರಿಸಿ ಹಾಕಿದೆವು. ಅಡಿಕೆ ಮಾರಿದ ಲೆಕ್ಕ, ಸೊಸೈಟಿ ಸಾಲದ ಲೆಕ್ಕ ಎಲ್ಲ ಇದ್ದ ಹಾಗೆಯೇ ಉಳಿಯಿತು. ಅದೇ ಕಂಪ್ಯೂಟರಿನಲ್ಲಿ ಅವರ ಕೆಲಸ ಈಗಲೂ ನಡೆಯುತ್ತಿದೆ.

ಎಲ್ಲ ಪ್ರಕರಣವೂ ಹೀಗೆ ಮುಗಿಯುವುದಿಲ್ಲ. ಪೆಟ್ಟಿಗೆ ತೆರೆದಾಗ ಸುಟ್ಟ ವಾಸನೆ, ಬೋರ್ಡಿನ ಮೇಲೆ ಕಪ್ಪು ಕಲೆ ಇದ್ದರೆ, ಕಂಪ್ಯೂಟರ್ ನಡುನಡುವೆ ತಾನೇ ಆಫ್ ಆಗುತ್ತಿದ್ದರೆ ಕಾರ್ಡಿಗೆ ದುಡ್ಡು ಹಾಕಬೇಡಿ. ವಾರಂಟಿ ಇದ್ದರೂ ನೀವಾಗಿ ಬಿಚ್ಚಬೇಡಿ.

ಯಾವ ಕಾರ್ಡು?

ಅಂಗಡಿಗೆ ಹೋಗುವ ಮೊದಲು ಪೆಟ್ಟಿಗೆಯ ಪಕ್ಕದ ತಗಡು ತೆಗೆದು ಬೋರ್ಡಿನಲ್ಲಿರುವ ಖಾಲಿ ಸ್ಲಾಟ್ ನೋಡಿಕೊಳ್ಳಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದರೆ ಇನ್ನೂ ಒಳ್ಳೆಯದು. ತಗಡು ತೆಗೆಯುವ ಮೊದಲು ಮಾಡಬೇಕಾದ ಜಾಗ್ರತೆಯನ್ನು ಮುಂದೆ ಬರೆದಿದ್ದೇನೆ. ಅದನ್ನು ಓದಿಯೇ ಕೈಹಾಕಿ.

ಸ್ಲಾಟ್ ಎರಡು ಜಾತಿ. ಹಳೆಯದ್ದು ಪಿಸಿಐ. ಸಾಮಾನ್ಯವಾಗಿ ಬಿಳಿ ಬಣ್ಣ, ಸುಮಾರು ಮೂರು ಇಂಚು ಉದ್ದ. ಹೊಸತು ಪಿಸಿಐ ಎಕ್ಸ್‌ಪ್ರೆಸ್. ನಮಗೆ ಬೇಕಾದ್ದು ಅದರಲ್ಲಿ ಅತಿ ಗಿಡ್ಡದ್ದು, 'ಎಕ್ಸ್ 1' ಎಂಬುದು, ಒಂದು ಇಂಚಿನಷ್ಟು ಮಾತ್ರ. ಒಂದರ ಕಾರ್ಡು ಇನ್ನೊಂದಕ್ಕೆ ಕೂರುವುದಿಲ್ಲ. ಪೆಟ್ಟಿಗೆ ತೆಳ್ಳಗಿನದ್ದಾದರೆ ಗಿಡ್ಡ ಪಟ್ಟಿಯ ಕಾರ್ಡನ್ನೇ ಕೇಳಿ.

ಚಿಪ್ಪಿನ ಹೆಸರನ್ನೂ ನೋಡಿ. ರಿಯಲ್‌ಟೆಕ್ 8139 ಎಂಬುದು ಪಿಸಿಐ ಕಾಲದ, ಸೆಕೆಂಡಿಗೆ 100 ಮೆಗಾಬಿಟ್‌ನ ಚಿಪ್. ರಿಯಲ್‌ಟೆಕ್ 8111 ಅಥವಾ 8168 ಪಿಸಿಐ ಎಕ್ಸ್‌ಪ್ರೆಸ್‌ನದ್ದು, 1000 ಮೆಗಾಬಿಟ್. ಹೆಚ್ಚು ವೇಗದ್ದೇ ಬೇಕೆಂಬ ಹಟ ಬೇಡ. 2004ರ ಸರಕಾರಿ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದೇ ಬ್ರಾಡ್‌ಬ್ಯಾಂಡ್. 2023ರಲ್ಲಿ ಅದನ್ನು 2 ಮೆಗಾಬಿಟ್‌ಗೆ ಏರಿಸಿದರು. ನಿಮ್ಮ ಪ್ಲಾನು 50 ಮೆಗಾಬಿಟ್ ಇದ್ದರೆ 100ರ ಕಾರ್ಡು ಧಾರಾಳ.

ಲ್ಯಾಪ್‌ಟಾಪಿನವರಿಗೆ, ಪೆಟ್ಟಿಗೆ ಬಿಚ್ಚಲು ಮನಸ್ಸಾಗದವರಿಗೆ ಯುಎಸ್‌ಬಿಗೆ ಚುಚ್ಚುವ ಲ್ಯಾನ್ ಅಡಾಪ್ಟರ್ ಸಿಗುತ್ತದೆ. ಕೆಲಸ ಒಂದೇ.

ಕಾರ್ಡು ಕೂರಿಸುವುದು

- ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕಿತ್ತ ಮೇಲೆ ಕಂಪ್ಯೂಟರಿನ ಪವರ್ ಗುಂಡಿಯನ್ನು ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟು ಖಾಲಿಯಾಗುತ್ತದೆ.

- ಮರದ ಮೇಜಿನ ಮೇಲೆ ಅಡ್ಡ ಮಲಗಿಸಿ. ಹಿಂದಿನ ಎರಡು ಸ್ಕ್ರೂ ತೆಗೆದರೆ ಪಕ್ಕದ ತಗಡು ಜಾರಿ ಬರುತ್ತದೆ. ಸ್ಕ್ರೂಗಳನ್ನು ತಟ್ಟೆಯಲ್ಲಿ ಹಾಕಿಡಿ.

- ಒಳಗೆ ಕೈಹಾಕುವ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ. ಬೇಸಗೆಯ ಒಣ ಹವೆಯಲ್ಲಿ ನಮ್ಮ ಮೈಯಲ್ಲಿ ಸ್ಥಾಯಿ ವಿದ್ಯುತ್ ಕೂಡಿಕೊಂಡಿರುತ್ತದೆ. ನಮಗೆ ಗೊತ್ತೂ ಆಗದ ಅದರ ಕಿಡಿ ಚಿಪ್ಪಿಗೆ ಸಾಕು. ನಡುನಡುವೆ ಮುಟ್ಟುತ್ತಿರಿ. ಪಾಲಿಯೆಸ್ಟರ್ ಅಂಗಿ ಬೇಡ, ಹತ್ತಿಯದ್ದು ಇರಲಿ.

- ವಯರುಗಳು ಹೊರಡುವ, ಫ್ಯಾನ್ ಇರುವ ತಗಡಿನ ಡಬ್ಬಿ ಪವರ್ ಸಪ್ಲೈ. ಅದನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತರೂ ಅದರೊಳಗೆ ಹೊಡೆಯುವಷ್ಟು ಕರೆಂಟು ಉಳಿದಿರಬಹುದು.

- ಧೂಳು, ಹಲ್ಲಿ ಮೊಟ್ಟೆ, ಇರುವೆ ಗೂಡು ಇದ್ದರೆ ಒಣ ಬ್ರಶ್‌ನಿಂದ ಮೆಲ್ಲಗೆ ತೆಗೆಯಿರಿ. ಒದ್ದೆ ಬಟ್ಟೆ ಬೇಡ.

- ಖಾಲಿ ಸ್ಲಾಟಿನ ನೇರಕ್ಕೆ ಪೆಟ್ಟಿಗೆಯ ಹಿಂಬದಿಯಲ್ಲಿ ಉದ್ದದ ತಗಡು ಪಟ್ಟಿ ಇರುತ್ತದೆ. ಅದನ್ನು ತೆಗೆಯಿರಿ.

- ಕಾರ್ಡನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಕೆಳಗಿನ ಬಂಗಾರ ಬಣ್ಣದ ಹಲ್ಲು ಮುಟ್ಟಬೇಡಿ. ಹಳೆಯ ಕಾರ್ಡಾಗಿದ್ದು ಹಲ್ಲು ಮಂಕಾಗಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಪುಡಿ ಕೊಡವಿ. ನಮ್ಮ ಮಳೆಗಾಲದ ತೇವಕ್ಕೆ ಈ ಹಲ್ಲುಗಳು ಮಂಕಾಗುವುದು ಹೆಚ್ಚು. ಸತ್ತಿದೆ ಎಂದು ಬದಿಗಿಟ್ಟ ಕಾರ್ಡು ಹೀಗೆ ಉಜ್ಜಿದ್ದರಿಂದಲೇ ಓಡಿದ್ದನ್ನು ನೋಡಿದ್ದೇನೆ.

- ಹಲ್ಲಿನ ನಡುವಿನ ಕಚ್ಚು ಸ್ಲಾಟಿನ ಕಚ್ಚಿಗೆ ಸರಿಯಾಗಿ ಬರಲಿ. ಎರಡೂ ತುದಿಗೆ ಸಮನಾಗಿ ನೇರ ಕೆಳಗೆ ಒತ್ತಿ. ಅಲ್ಲಾಡಿಸಿ ತುರುಕಬೇಡಿ. ಹಲ್ಲು ಪೂರ್ತಿ ಒಳಗೆ ಹೋದ ಮೇಲೆ ಸ್ಕ್ರೂ ಬಿಗಿಯಿರಿ.

ಪೆಟ್ಟಿಗೆ ತೆರೆದೇ ಇದೆಯಲ್ಲ, ಇನ್ನೊಂದು ಕೆಲಸ ಮುಗಿಸಿ. ಬೋರ್ಡಿನ ಮೇಲೆ ನಾಣ್ಯದ ಹಾಗಿನ ಬ್ಯಾಟರಿ ಇರುತ್ತದೆ. ಸಿಆರ್ 2032, 3 ವೋಲ್ಟ್. ಕಂಪ್ಯೂಟರಿನ ತಾರೀಕು ಉಳಿಸುವುದು ಇದೇ. ಬ್ಯಾಟರಿ ಸತ್ತರೆ ಪ್ರತಿ ಸಲ ತಾರೀಕು ಹಲವು ವರ್ಷ ಹಿಂದೆ ಹೋಗುತ್ತದೆ. ಆಗ ಬ್ಯಾಂಕು, ಸರಕಾರದ ಸೈಟುಗಳು ತೆರೆಯುವುದಿಲ್ಲ, 'ಸುರಕ್ಷಿತವಲ್ಲ' ಎಂದು ತಕರಾರು ಮಾಡುತ್ತವೆ. ಎಷ್ಟೋ ಜನ ಇದನ್ನೇ ಇಂಟರ್ನೆಟ್ ಕೆಟ್ಟಿತು ಎಂದು ತಿಳಿಯುತ್ತಾರೆ. ಹಳೆಯ ಬ್ಯಾಟರಿ ಹೇಗೆ ಕೂತಿತ್ತು ಎಂದು ನೋಡಿಕೊಂಡು ಹೊಸತನ್ನೂ ಹಾಗೆಯೇ ಕೂರಿಸಿ.

ಕಂಪ್ಯೂಟರಿಗೆ ಪರಿಚಯ ಮಾಡಿಸುವುದು

ತಗಡು ಮುಚ್ಚಿ, ಪ್ಲಗ್ ಹಾಕಿ ಆನ್ ಮಾಡಿ. ಆನ್ ಆಗುತ್ತಿದ್ದಂತೆ ಡಿಲೀಟ್ ಅಥವಾ ಎಫ್ 2 ಕೀ ಒತ್ತುತ್ತಿದ್ದರೆ ಹೆಚ್ಚಿನ ಬೋರ್ಡುಗಳಲ್ಲಿ ಬಯಾಸ್ ಪುಟ ತೆರೆಯುತ್ತದೆ. ಮೊದಲು ತಾರೀಕು ಸರಿಮಾಡಿ. ಆಮೇಲೆ 'ಆನ್‌ಬೋರ್ಡ್ ಲ್ಯಾನ್' ಎಂದಿರುವಲ್ಲಿ 'ಡಿಸೇಬಲ್ಡ್' ಮಾಡಿ ಉಳಿಸಿ ಹೊರಬನ್ನಿ. ಸತ್ತ ಚಿಪ್ಪನ್ನು ಕಂಪ್ಯೂಟರ್ ಮತ್ತೆ ಮತ್ತೆ ಮಾತಾಡಿಸಿ ಗೊಂದಲ ಮಾಡಿಕೊಳ್ಳದಿರಲು ಈ ಕೆಲಸ. ಉಳಿದ ಯಾವುದನ್ನೂ ಅಲ್ಲಿ ಮುಟ್ಟಬೇಡಿ.

ಕಾರ್ಡನ್ನು ಓಡಿಸುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ವಿಂಡೋಸ್ 10ರಲ್ಲಿ, ಲಿನಕ್ಸಿನಲ್ಲಿ ಈ ರಿಯಲ್‌ಟೆಕ್ ಕಾರ್ಡುಗಳು ಸಾಮಾನ್ಯವಾಗಿ ತಾವಾಗಿಯೇ ಎದ್ದು ನಿಲ್ಲುತ್ತವೆ. ಏಳದಿದ್ದರೆ 'ಡಿವೈಸ್ ಮ್ಯಾನೇಜರ್' ತೆರೆದು ನೋಡಿ. ಹಳದಿ ತ್ರಿಕೋನ ಇದ್ದರೆ ಡ್ರೈವರ್ ಬೇಕು. ಡ್ರೈವರ್ ಇರುವುದು ಇಂಟರ್ನೆಟ್ಟಿನಲ್ಲಿ, ಇಂಟರ್ನೆಟ್ ಬರಬೇಕಾದರೆ ಡ್ರೈವರ್ ಬೇಕು! ದಾರಿ ಇದೆ. ಮೊಬೈಲನ್ನು ಯುಎಸ್‌ಬಿ ವಯರಿನಿಂದ ಕಂಪ್ಯೂಟರಿಗೆ ಜೋಡಿಸಿ, ಮೊಬೈಲಿನಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ಆಗ ಮೊಬೈಲೇ ಮೋಡೆಮ್ ಆಗುತ್ತದೆ. ಡ್ರೈವರ್ ಇಳಿಸಿಕೊಳ್ಳಿ.

ಒಂದು ಮಾತು ನೆನಪಿರಲಿ. ವಿಂಡೋಸ್ 10ಕ್ಕೆ ಕಂಪೆನಿಯ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಂಕ್ ವ್ಯವಹಾರ ಮಾಡುವ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕುವ ಯೋಚನೆ ಮಾಡಬಹುದು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಸಂಪರ್ಕ ಹೊಂದಿಸುವುದು

ಹೆಚ್ಚಿನವರಿಗೆ ಇಲ್ಲಿ ಕೆಲಸವೇ ಇಲ್ಲ. ಬಳಕೆದಾರನ ಹೆಸರು, ಪಾಸ್‌ವರ್ಡ್ ಮೋಡೆಮಿನೊಳಗೇ ಇರುತ್ತದೆ. ಕಂಪ್ಯೂಟರಿನಲ್ಲಿ ಐಪಿ ವಿಳಾಸ 'ತಾನಾಗಿ ಪಡೆಯುವುದು' ಎಂದಿದ್ದರೆ ಸಾಕು.

ಓಡದಿದ್ದರೆ ಕಮಾಂಡ್ ಪುಟ ತೆರೆದು 'ಐಪಿಕಾನ್ಫಿಗ್' ಎಂದು ಇಂಗ್ಲಿಷಿನಲ್ಲಿ, ಒಂದೇ ಪದವಾಗಿ ಟೈಪ್ ಮಾಡಿ. ವಿಳಾಸ 192.168 ಎಂದು ಸುರುವಾದರೆ ಸಾಮಾನ್ಯವಾಗಿ ಮೋಡೆಮ್ ಮತ್ತು ಕಂಪ್ಯೂಟರಿನ ಮಾತುಕತೆ ನಡೆದಿದೆ. 169.254 ಎಂದು ಸುರುವಾದರೆ ಮೋಡೆಮಿನಿಂದ ಉತ್ತರ ಬಂದಿಲ್ಲ, ಕಂಪ್ಯೂಟರ್ ತನಗೆ ತಾನೇ ವಿಳಾಸ ಕೊಟ್ಟುಕೊಂಡಿದೆ. ಕೇಬಲ್ ಇನ್ನೊಮ್ಮೆ ನೋಡಿ.

ಆಮೇಲೆ 'ಪಿಂಗ್ 8.8.8.8' ಕೊಡಿ. ಉತ್ತರ ಬಂದು, ಸೈಟಿನ ಹೆಸರು ಹೊಡೆದಾಗ ಮಾತ್ರ ತೆರೆಯದಿದ್ದರೆ ದೋಷ ಡಿಎನ್‌ಎಸ್‌ನದ್ದು. ಡಿಎನ್‌ಎಸ್ ಅಂದರೆ ಹೆಸರು ಹೇಳಿದರೆ ಮನೆ ತೋರಿಸುವವನು. ಆ ಜಾಗದಲ್ಲಿ 8.8.8.8 ಎಂದೇ ತುಂಬಿಸಿ.

ಕೆಲವರಲ್ಲಿ ಮೋಡೆಮ್ ಬ್ರಿಡ್ಜ್ ಮೋಡಿನಲ್ಲಿರುತ್ತದೆ. ಅಂಥವರು ಕಂಪ್ಯೂಟರಿನಲ್ಲೇ 'ಪಿಪಿಪಿಒಇ' ಸಂಪರ್ಕ ಹೊಸತಾಗಿ ಮಾಡಿ ಹೆಸರು, ಪಾಸ್‌ವರ್ಡ್ ಕೊಡಬೇಕು. ಇನ್ನು ಕೆಲವು ಕೇಬಲ್ ಆಪರೇಟರುಗಳು ಸಂಪರ್ಕವನ್ನು ಕಾರ್ಡಿನ ಮ್ಯಾಕ್ ನಂಬರಿಗೆ ಕಟ್ಟಿಹಾಕಿರುತ್ತಾರೆ. ಹೊಸ ಕಾರ್ಡಿಗೆ ಹೊಸ ನಂಬರು. ಫೋನ್ ಮಾಡಿ ಹೇಳಿದರೆ ಅವರು ಬದಲಿಸಿಕೊಡುತ್ತಾರೆ.

ಕಾರ್ಡನ್ನು ಉಳಿಸಿಕೊಳ್ಳಲು

ಫೈಬರ್ ಗಾಜಿನದ್ದು, ಅದರಲ್ಲಿ ಕರೆಂಟು ಹರಿಯುವುದಿಲ್ಲ. "ಹಾಗಾದರೆ ಸಿಡಿಲಿನ ಭಯ ಇಲ್ಲವಲ್ಲ?" ಎಂದು ಕೇಳುವವರಿದ್ದಾರೆ. ಇದೆ. ಮೋಡೆಮಿಗೆ ಕರೆಂಟಿನ ಲೈನು ಬರುತ್ತದಲ್ಲ? ಸಿಡಿಲು ಆ ದಾರಿಯಲ್ಲಿ ಮೋಡೆಮಿಗೆ, ಅಲ್ಲಿಂದ ಲ್ಯಾನ್ ಕೇಬಲಿನಲ್ಲಿ ಕಂಪ್ಯೂಟರಿಗೆ ಬರಬಹುದು. ಮರದಿಂದ ಮರಕ್ಕೆ ಎಳೆದ ಫೈಬರಿನ ಜತೆಗೆ ಹಲವು ಕಡೆ ಆಧಾರಕ್ಕೆ ಉಕ್ಕಿನ ತಂತಿಯೂ ಇರುತ್ತದೆ. ಆ ತಂತಿ ಗೋಡೆಯ ಹೊರಗೇ ನಿಲ್ಲಲಿ, ಮೋಡೆಮಿನ ತನಕ ಬರುವುದು ಬೇಡ.

ಮನೆಯಿಂದ ಅಡಿಕೆ ಶೆಡ್ಡಿಗೆ, ಕೊಟ್ಟಿಗೆಯ ಕ್ಯಾಮರಾಕ್ಕೆ ಅಂಗಳ ದಾಟಿಸಿ ಎಳೆದ ಲ್ಯಾನ್ ಕೇಬಲ್ ಇನ್ನೂ ಅಪಾಯ. ಅದು ತಾಮ್ರ, ಬಯಲಿನಲ್ಲಿರುತ್ತದೆ. ಅಂಥಲ್ಲಿ ಮಧ್ಯದ ಭಾಗಕ್ಕೆ ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಹಾಕುವುದು ಲೇಸು. ಲ್ಯಾನ್ ಕೇಬಲ್ 100 ಮೀಟರಿಗಿಂತ ಉದ್ದ ಹೇಗೂ ಬಳಸುವಂತಿಲ್ಲ.

ಎಲ್ಲಕ್ಕಿಂತ ಅಗ್ಗದ ಮದ್ದು ಕಿತ್ತಿಡುವುದು. ಕರೆಂಟಿನ ಪ್ಲಗ್, ಲ್ಯಾನ್ ಕೇಬಲ್ ಎರಡನ್ನೂ. ಸ್ವಿಚ್ಚಿನ ಒಳಗೆ ಇರುವ ಎಡೆ ಕೆಲವು ಮಿಲಿಮೀಟರ್. ಮೋಡದಿಂದ ನೆಲಕ್ಕೆ ಹಾರಿದ ಸಿಡಿಲಿಗೆ ಅದೊಂದು ತಡೆಯೇ? ಆದರೆ ಗುಡುಗು ತಲೆ ಮೇಲೆ ಬಂದ ಮೇಲೆ ಕೀಳಲು ಓಡಬೇಡಿ, ಜೀವಕ್ಕೆ ಅಪಾಯ. ಮಿಂಚು ಕಂಡಲ್ಲಿಂದ ಸದ್ದು ಕೇಳುವ ತನಕ ಸೆಕೆಂಡ್ ಎಣಿಸಿ. ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರ ಎಂದು ಹೆಚ್ಚುಕಡಿಮೆ ಗೊತ್ತಾಗುತ್ತದೆ. ಎಣಿಕೆ 30ಕ್ಕಿಂತ ಕಡಿಮೆಯಾದರೆ ಪ್ಲಗ್ಗಿನ ಹತ್ತಿರ ಹೋಗುವುದು ಬೇಡ. ಗುಡುಗಿನ ದಿನಗಳಲ್ಲಿ ಮಧ್ಯಾಹ್ನ ತೋಟಕ್ಕೆ ಇಳಿಯುವ ಮೊದಲೇ ಕಿತ್ತಿಟ್ಟರೆ ಒಳ್ಳೆಯದು. ನಮ್ಮಲ್ಲಿ ಕಂಪ್ಯೂಟರಿಗೂ ಮೋಡೆಮಿಗೂ ಒಂದೇ ಎಕ್ಸ್‌ಟೆನ್ಶನ್ ಪೆಟ್ಟಿಗೆ. ಗೋಡೆಯ ಒಂದು ಪ್ಲಗ್ ಮತ್ತು ಒಂದು ಲ್ಯಾನ್ ಕೇಬಲ್ ಕಿತ್ತರೆ ಮುಗಿಯಿತು, ಮಕ್ಕಳೂ ಕಲಿತಿದ್ದಾರೆ.

ಪೆಟ್ಟಿಗೆಯ ಒಳಬದಿಗೆ ಚೀಟಿ ಅಂಟಿಸಿ

ಸ್ಲಾಟಿನ ಜಾತಿ, ಕಾರ್ಡಿನ ಚಿಪ್ ನಂಬರು, ಹಾಕಿದ ತಾರೀಕು, ಬ್ಯಾಟರಿ ಬದಲಿಸಿದ ತಾರೀಕು, ಲೈನಿನವರ ಫೋನ್ ನಂಬರು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ತಗಡಿನ ಒಳಬದಿಗೆ ಅಂಟಿಸಿ. ಪಾಸ್‌ವರ್ಡ್ ಮಾತ್ರ ಅಲ್ಲಿ ಬೇಡ, ಬೇರೆ ಪುಸ್ತಕದಲ್ಲಿರಲಿ. ಡ್ರೈವರನ್ನು ಪೆನ್‌ಡ್ರೈವಿನಲ್ಲಿ ಉಳಿಸಿಡಿ. ನಾಲ್ಕು ಮನೆಯವರು ಸೇರಿ ಒಂದು ಹೆಚ್ಚುವರಿ ಕಾರ್ಡು ತಂದಿಟ್ಟರೆ ಮುಂದಿನ ಸಿಡಿಲಿಗೆ ಪೇಟೆಗೆ ಓಡುವ ಕೆಲಸವೂ ಇಲ್ಲ. ಬೇರೆ ಉಪಾಯದಿಂದ ಸಿಡಿಲಿನಿಂದ ಪಾರಾದ ಕೃಷಿಕರಿದ್ದರೆ ದಯವಿಟ್ಟು ಬರೆಯಿರಿ. ಎಲ್ಲರಿಗೂ ಉಪಯೋಗವಾದೀತು.